ಮೂರನೆಯ ಮುಖ: ಸಾಕ್ಷಿಯ ಮನಸ್ಸನ್ನು ಕಲಿಸುವ ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಇಪ್ಪತ್ತೊಂಬತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದ ಕೈ ನನ್ನದು. ಕೊಲೆ, ಸುಲಿಗೆ, ಅಪಘಾತ, ವಂಚನೆ, ಎಲ್ಲದರ ಸಾಕ್ಷ್ಯವೂ ಈ ಬೆರಳುಗಳ ಮೂಲಕವೇ ಕಾಗದಕ್ಕೆ ಇಳಿದಿದೆ. ಸಾಕ್ಷಿಯ ಕಟಕಟೆಯಿಂದ ಎರಡು ಮಾರು ದೂರದಲ್ಲಿ ಅಷ್ಟು ಕಾಲ ಕುಳಿತ ಮೇಲೆ, ಯಾರು ಕಂಡದ್ದನ್ನು ಹೇಳುತ್ತಿದ್ದಾರೆ, ಯಾರು ಕಟ್ಟಿದ್ದನ್ನು ಹೇಳುತ್ತಿದ್ದಾರೆ ಎಂಬುದು ದನಿಯಲ್ಲೇ ತಿಳಿದುಬಿಡುತ್ತದೆ ಎಂದು ನಂಬಿದ್ದೆ. ನಿವೃತ್ತಿಯಾದ ಮೇಲೆ, ಸಾಕ್ಷಿಗಳು, ಜ್ಯೂರಿಗಳು (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರು) ಮತ್ತು ಅಪರಾಧ ನ್ಯಾಯದ ಮನಶ್ಶಾಸ್ತ್ರವನ್ನು ಕಲಿಸುವ ಎಂಟು ಘಟಕಗಳ ಈ ಆನ್‌ಲೈನ್ ಕೋರ್ಸಿಗೆ ಸೇರಿದ್ದು ಕಲಿಯಲಿಕ್ಕೆ ಎನ್ನುವುದಕ್ಕಿಂತ ತಪ್ಪು ಹುಡುಕಲಿಕ್ಕೆ ಎಂದರೆ ಸರಿಯಾದೀತು. ಪುಸ್ತಕ ಓದಿದವರು ಕೋರ್ಟಿನ ಬಗ್ಗೆ ಏನು ಹೇಳುತ್ತಾರೋ ನೋಡೋಣ ಎಂಬ ಧಿಮಾಕು. ಕೋರ್ಸಿನಲ್ಲಿ ತಪ್ಪುಗಳು ಸಿಕ್ಕಿವೆ, ಮುಂದೆ ಹೇಳುತ್ತೇನೆ. ಆದರೆ ಮೊದಲು ಸಿಕ್ಕಿಬಿದ್ದದ್ದು ನಾನು.

ಮೊದಲ ಘಟಕದ ಕೊನೆಯಲ್ಲಿ ಒಂದು ಪುಟ್ಟ ವೀಡಿಯೊ ಇದೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್, ಜನಸಂದಣಿ. ಬೆಂಚಿನ ಮೇಲಿಟ್ಟ ಒಂದು ಚೀಲವನ್ನು ಯಾರೋ ಎತ್ತಿಕೊಂಡು ಗುಂಪಿನಲ್ಲಿ ಮರೆಯಾಗುತ್ತಾನೆ. ವೀಡಿಯೊ ಮುಗಿದ ಮೇಲೆ ಪ್ರಶ್ನೆಯೂ ಇಲ್ಲ, ವಿವರಣೆಯೂ ಇಲ್ಲ. ಸೀದಾ ನೆನಪಿನ ಬಗೆಗಿನ ಪಾಠ. ನಾನು ಅದನ್ನು ಮರೆತೇಬಿಟ್ಟಿದ್ದೆ. ಹತ್ತು ದಿನ ಕಳೆದು ಮೂರನೆಯ ಘಟಕ ತೆರೆದಾಗ ಪರದೆಯ ಮೇಲೆ ಆರು ಫೋಟೊಗಳು. 'ಚೀಲ ಒಯ್ದವನು ಯಾರು?' ಎಂದಷ್ಟೇ ಬರೆದಿತ್ತು. ಆರೂ ಜನ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಬಗೆಯ ಕ್ರಾಪು. ಮೊದಲನೆಯವನಿಂದ ಐದನೆಯವನ ತನಕ ಕಣ್ಣಾಡಿಸಿ, ಹಿಂದಕ್ಕೆ ಬಂದು, ಎರಡನೆಯವನಲ್ಲಿ ಒಂದಿಷ್ಟು ನಿಂತು, ಕೊನೆಗೆ ಮೂರನೆಯವನನ್ನು ಒತ್ತಿದೆ. ಹುಬ್ಬಿನ ನಡುವೆ ಅವನಿಗೆ ಒಂದು ಬಗೆಯ ಗಂಟು ಇತ್ತು. ಕಳ್ಳನಿಗೂ ಹಾಗೆಯೇ ಇತ್ತು ಅನ್ನಿಸಿತು.

ಒತ್ತಿದ ಮರುಕ್ಷಣ ಹಸಿರು ಗುರುತು ಮೂಡಿ 'ಚೆನ್ನಾಗಿ ಗುರುತಿಸಿದಿರಿ' ಎಂಬ ಸಾಲು ಬಂತು. ಎದೆ ಒಂದಿಷ್ಟು ಉಬ್ಬಿತು, ಸುಳ್ಳೇಕೆ ಹೇಳಲಿ. ಆಮೇಲೆ ನಾಲ್ಕು ಪ್ರಶ್ನೆ. ನೂರಕ್ಕೆ ಎಷ್ಟು ಖಾತ್ರಿ ಇತ್ತು? ಮುಖ ಎಷ್ಟು ಸ್ಪಷ್ಟವಾಗಿ ಕಂಡಿತ್ತು? ಎಷ್ಟು ಹೊತ್ತು ಕಂಡಿತ್ತು? ಎಷ್ಟು ಗಮನ ಕೊಟ್ಟಿದ್ದಿರಿ? ಖಾತ್ರಿ 85 ಎಂದು ಬರೆದೆ. ಮುಖ ಏಳೆಂಟು ಸೆಕೆಂಡು ಸ್ಪಷ್ಟವಾಗಿ ಕಂಡಿತ್ತೆಂದು ಬರೆದೆ. ಗಮನ? ಪೂರ್ತಿ ಕೊಟ್ಟಿದ್ದೆ ಎಂದು ಬರೆದೆ. ಮುಂದಿನ ಪುಟದಲ್ಲಿ ಪಾಠ ಹೇಳುವ ಪ್ರಾಧ್ಯಾಪಕಿ, ಮುಖದ ಮೇಲೆ ಒಂದು ಗೆರೆಯೂ ಕದಲದಂತೆ, ವಿಷಯ ಬಿಚ್ಚಿಟ್ಟರು: ಆ ಆರು ಜನರಲ್ಲಿ ಕಳ್ಳ ಇರಲೇ ಇಲ್ಲ. ವೀಡಿಯೊದಲ್ಲಿ ಅವನ ಮುಖ ಕಾಣಿಸಿದ್ದು ಎರಡು ಸೆಕೆಂಡಿಗಿಂತ ಕಡಿಮೆ. ಹಸಿರು ಗುರುತು ಕಲಿಯುವವರಲ್ಲಿ ಅರ್ಧ ಜನಕ್ಕೆ ಕೊಟ್ಟದ್ದು, ಉಳಿದ ಅರ್ಧಕ್ಕೆ ಏನೂ ಹೇಳದೆ ಬಿಟ್ಟದ್ದು.

ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೊದಲು ಬಂದದ್ದು ಸಿಟ್ಟು. ಆಮೇಲೆ ಆ 'ಏಳೆಂಟು ಸೆಕೆಂಡು' ನನ್ನನ್ನು ಕಾಡಿತು. ತಪ್ಪು ಮುಖ ಆರಿಸಿದ್ದು ಹಾಗಿರಲಿ, ಯಾರಿಗಾದರೂ ಆದೀತು. ನಾನು ಕಾಣದ ಐದಾರು ಸೆಕೆಂಡನ್ನು ಎಲ್ಲಿಂದ ತಂದೆ? ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಪ್ರಮಾಣ ಮಾಡಿಸಿದ್ದರೂ ಅದನ್ನೇ ಹೇಳುತ್ತಿದ್ದೆ.

ಈ ಅಭ್ಯಾಸ ಕೋರ್ಸಿನವರು ತಾವೇ ಕಂಡುಹಿಡಿದದ್ದಲ್ಲ. ಮನಶ್ಶಾಸ್ತ್ರಜ್ಞರಾದ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ ಪ್ರಯೋಗದ ನಕಲು. ಅವರು ಭದ್ರತಾ ಕ್ಯಾಮೆರಾದ ದೃಶ್ಯ ತೋರಿಸಿ, ನಿಜವಾದ ಬಂದೂಕುಧಾರಿ ಇಲ್ಲದ ಫೋಟೊಗಳಿಂದ ಆರಿಸಲು ಹೇಳಿದ್ದರು. ಆರಿಸಿದವರೆಲ್ಲ ತಪ್ಪೇ. ಅವರಲ್ಲಿ ಕೆಲವರಿಗೆ 'ಒಳ್ಳೆಯದು, ಶಂಕಿತನನ್ನೇ ಗುರುತಿಸಿದಿರಿ' ಎಂಬ ಅರ್ಥದ ಒಂದು ಮಾತು ಹೇಳಿದರು. ಅಷ್ಟಕ್ಕೇ ಅವರ ಖಾತ್ರಿ ಏರಿತು, ನೋಟ ಸ್ಪಷ್ಟವಾಗಿತ್ತು ಎನ್ನತೊಡಗಿದರು, ಹೆಚ್ಚು ಗಮನ ಕೊಟ್ಟಿದ್ದೆವು ಎಂದರು. ಆ ಒಂದು ಮಾತು ಮುಂದಿನ ವಿಶ್ವಾಸವನ್ನು ಹೆಚ್ಚಿಸುವುದರ ಜೊತೆಗೆ ಹಿಂದೆ ಕಂಡದ್ದನ್ನೂ ತಿದ್ದಿ ಬರೆಯುತ್ತದೆ. ಪ್ರಾಧ್ಯಾಪಕಿ ಇದನ್ನು ಹತ್ತು ನಿಮಿಷ ವಿವರಿಸಿದರು. ನನಗೆ ಎರಡು ನಿಮಿಷ ಸಾಕಿತ್ತು, ಮೈಗೆ ತಾಗಿತ್ತಲ್ಲ.

ಈ ಕೋರ್ಸಿಗೆ ಸೇರಬೇಕೇ ಎಂದು ಯಾರಾದರೂ ಕೇಳಿದರೆ, ಈ ಒಂದು ಅಭ್ಯಾಸಕ್ಕಾಗಿಯಾದರೂ ಸೇರಿ ಎನ್ನುತ್ತೇನೆ. ಈಗ ಗುಟ್ಟು ರಟ್ಟು ಮಾಡಿದ್ದೇನಲ್ಲ ಎಂದು ಬೈಯಬಹುದು. ತಿಳಿದಿದ್ದರೂ ಬೀಳುತ್ತೀರಿ, ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಇದೇ ಘಟಕದ ನಡುಭಾಗ ರೊನಾಲ್ಡ್ ಕಾಟನ್ ಪ್ರಕರಣ. 1984ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿ, ಬದುಕುಳಿದರೆ ಇವನನ್ನು ಹಿಡಿಸಲೇಬೇಕೆಂದು ಹಠ ತೊಟ್ಟು ಆ ಮುಖವನ್ನು ಗಮನಿಸಿದ್ದರು. ಫೋಟೊಗಳ ಮುಂದೆ ಕುಳಿತಾಗ ಅವರು ಹಲವು ನಿಮಿಷ ತೆಗೆದುಕೊಂಡು ಕಾಟನ್‌ನ ಫೋಟೊ ಆರಿಸಿದರು. ಆಮೇಲೆ ಸಾಲಾಗಿ ನಿಲ್ಲಿಸಿದ ಗುರುತು ಪರೇಡ್; ಫೋಟೊಗಳಲ್ಲೂ ಸಾಲಿನಲ್ಲೂ ಇದ್ದವನು ಕಾಟನ್ ಒಬ್ಬನೇ. ಅಲ್ಲೂ ಅವನನ್ನೇ ಆರಿಸಿದಾಗ, ಫೋಟೊದಲ್ಲಿ ತೋರಿಸಿದ್ದೂ ಇವನನ್ನೇ ಎಂದು ಪೊಲೀಸರಿಂದ ತಿಳಿಯಿತು. ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಅನುಮಾನದ ಎಳೆಯೂ ಉಳಿದಿರಲಿಲ್ಲ. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನೇ ಎದುರಿಗೆ ತಂದು ನಿಲ್ಲಿಸಿದರೂ ಆಕೆಗೆ ಗುರುತು ಹತ್ತಲಿಲ್ಲ. 1995ರಲ್ಲಿ ಡಿಎನ್‌ಎ ಪರೀಕ್ಷೆ ಬಿಡಿಸುವವರೆಗೆ ಕಾಟನ್ ಹತ್ತು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದ.

ಈ ಕಥೆಯನ್ನು ನಾನು ಮೊದಲೂ ಕೇಳಿದ್ದೆ. ಕೇಳಿದಾಗಲೆಲ್ಲ 'ಅಯ್ಯೋ, ನೆನಪು ಕೈಕೊಟ್ಟಿತು' ಎಂದಷ್ಟೇ ಅಂದುಕೊಂಡಿದ್ದೆ. ಪ್ರಾಧ್ಯಾಪಕಿ ಬೆರಳಿಟ್ಟದ್ದು ಆ ಮೊದಲ ಹಲವು ನಿಮಿಷಗಳ ಮೇಲೆ. ಖಾತ್ರಿ ಇರುವವರು ಅಷ್ಟು ಹೊತ್ತು ನೋಡುವುದಿಲ್ಲ. ಆ ತಡವೇ ಒಂದು ಸಾಕ್ಷ್ಯವಾಗಿತ್ತು, ಅದನ್ನು ಯಾರೂ ಸಾಕ್ಷ್ಯವೆಂದು ಎಣಿಸಲಿಲ್ಲ ಎಂದರು. ಅವರು ಅದನ್ನು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಉತ್ತರ ಕೆರೊಲಿನಾ ಅಲ್ಲ.

ಒಂದು ಸುಲಿಗೆ ಪ್ರಕರಣ. ಸಾಕ್ಷಿ ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. 'ಆ ದಿನ ನೀವು ನೋಡಿದ ವ್ಯಕ್ತಿ ಇಲ್ಲಿದ್ದಾರೆಯೇ?' ಎಂದು ಅಭಿಯೋಜಕರು, ಅಂದರೆ ಸರ್ಕಾರಿ ವಕೀಲರು, ಕೇಳಿದರು. ಆರೋಪಿಯ ಜಾಗದಲ್ಲಿ ನಿಂತಿದ್ದವನು ಒಬ್ಬನೇ, ಪಕ್ಕದಲ್ಲಿ ಪೊಲೀಸ್. ಆಕೆ ಅವನನ್ನು ನೋಡಿದರು. ಅಭಿಯೋಜಕರ ಮುಖ ನೋಡಿದರು. ಮತ್ತೆ ಅವನನ್ನು ನೋಡಿದರು. ಪೆನ್ಸಿಲನ್ನು ಕಾಗದದಿಂದ ಎತ್ತಿ ಕಾಯುವಷ್ಟು ಹೊತ್ತು. 'ಹೂಂ, ಇವರ ಹಾಗೆಯೇ ಇದ್ದರು' ಎಂದರು. ನನಗೆ ಹೇಳಿ ಬರೆಸಿದ ಸಾಲು ಹೀಗಿತ್ತು: 'ಸಾಕ್ಷಿಯು ಆರೋಪಿಯನ್ನು ಗುರುತಿಸಿದರು.' ಮೂರು ಪದ. ಕನ್ನಡಕ ಹೋಯಿತು, ಅಭಿಯೋಜಕರತ್ತ ತಿರುಗಿದ ನೋಟ ಹೋಯಿತು, 'ಹಾಗೆಯೇ' ಹೋಯಿತು. ಮೇಲಿನ ನ್ಯಾಯಾಲಯ ಓದುವುದು ಆ ಮೂರು ಪದಗಳನ್ನು. ಅದರಲ್ಲಿ ತಪ್ಪು ಮಾಡಿದೆವು ಎಂದು ಅಂದು ಯಾರಿಗೂ ಅನ್ನಿಸಲಿಲ್ಲ. ಶುದ್ಧವಾದ, ಅಚ್ಚುಕಟ್ಟಾದ ಹೇಳಿಕೆ ಬರೆಯುತ್ತೇನೆ ಎಂದು ನನಗೆ ಹೆಸರಿತ್ತು. ಆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ಮಾತನ್ನು ನಾನು ಎತ್ತುತ್ತಿಲ್ಲ. ಅವನ ವಿರುದ್ಧ ಬೇರೆ ಸಾಕ್ಷ್ಯವೂ ಇತ್ತು. ನಾನು ಅಳಿಸಿದ್ದರ ಬಗ್ಗೆ ಹೇಳುತ್ತಿದ್ದೇನೆ.

ಹಾಗಾದರೆ ಸಾಕ್ಷಿಯ ಖಾತ್ರಿಗೆ ಬೆಲೆಯೇ ಇಲ್ಲವೇ? ಇಲ್ಲಿ ಕೋರ್ಸಿನ ಮೇಲೆ ನನ್ನ ಮೊದಲ ತಕರಾರು. ಮೂರನೆಯ ಘಟಕ ಮುಗಿಸಿದವರಿಗೆ 'ಪ್ರತ್ಯಕ್ಷದರ್ಶಿಯನ್ನು ನಂಬುವಂತೆಯೇ ಇಲ್ಲ' ಎಂಬ ಭಾವ ಗಟ್ಟಿಯಾಗಿ ಕೂರುತ್ತದೆ. ಆದರೆ ಜಾನ್ ವಿಕ್ಸ್‌ಟೆಡ್ ಮತ್ತು ಅದೇ ಗ್ಯಾರಿ ವೆಲ್ಸ್ 2017ರಲ್ಲಿ ಸೇರಿ ಬರೆದದ್ದು ಬೇರೆ ಮಾತು: ಗುರುತು ಪರೇಡನ್ನು ಸರಿಯಾಗಿ ನಡೆಸಿ, ಮೊದಲ ಸಲವೇ, ಯಾರ ಮಾತೂ ಕಿವಿಗೆ ಬೀಳುವ ಮುನ್ನ ಕೇಳಿದ ಖಾತ್ರಿ ಸಾಕಷ್ಟು ಭರವಸೆಗೆ ಅರ್ಹ. ಕೆಡುವುದು ಆಮೇಲೆ. ಇದು ಇಡೀ ಕೋರ್ಸಿನ ಕೀಲಿಯಂಥ ಮಾತು. ಇದನ್ನು ಅವರು 'ಹೆಚ್ಚಿನ ಓದಿಗೆ' ಎಂಬ ಪಟ್ಟಿಯಲ್ಲಿ, ಮಡಚಿಟ್ಟ ಕೊಂಡಿಯೊಂದರ ಒಳಗೆ ಇಟ್ಟಿದ್ದಾರೆ. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಹೆಚ್ಚಿನವರು ತೆರೆಯುವುದಿಲ್ಲ. ಅಪನಂಬಿಕೆಯನ್ನು ಕಲಿಸುವುದು ಸುಲಭ. ಯಾವ ಮಾತನ್ನು ಯಾವ ಗಳಿಗೆಯಲ್ಲಿ ಬರೆದುಕೊಳ್ಳಬೇಕು ಎಂದು ಕಲಿಸಿದ್ದರೆ ನನ್ನಂಥವರ ಕಸುಬಿಗೆ ಬರುತ್ತಿತ್ತು.

ಪರಿಹಾರಗಳನ್ನು ಮಾತ್ರ ಸರಳವಾಗಿ, ಸರಿಯಾಗಿ ಹೇಳಿದ್ದಾರೆ. ಸಾಲನ್ನು ತೋರಿಸುವ ಅಧಿಕಾರಿಗೇ ಶಂಕಿತ ಯಾರೆಂದು ಗೊತ್ತಿರಬಾರದು. 'ಅವನು ಇಲ್ಲಿ ಇರಬಹುದು, ಇಲ್ಲದಿರಬಹುದು' ಎಂದು ಮೊದಲೇ ಹೇಳಬೇಕು. ಶಂಕಿತನ ಜೊತೆ ನಿಲ್ಲಿಸುವ ಉಳಿದವರು ಸಾಕ್ಷಿ ಹೇಳಿದ ಚಹರೆಗೆ ಹೊಂದಬೇಕು. ಆರಿಸಿದ ತಕ್ಷಣ ಸಾಕ್ಷಿಯದೇ ಮಾತಿನಲ್ಲಿ ಖಾತ್ರಿಯನ್ನು ಬರೆದುಕೊಳ್ಳಬೇಕು. ಇದಕ್ಕೆ ಪ್ರಯೋಗಾಲಯ ಬೇಡ, ಒಂದು ಹಾಳೆ ಸಾಕು. ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೆಂಡರ್ಸನ್ ಪ್ರಕರಣದಲ್ಲಿ ಈ ಸಂಶೋಧನೆಗಳನ್ನು ಒಪ್ಪಿಕೊಂಡದ್ದನ್ನೂ, ಇಂಗ್ಲೆಂಡಿನಲ್ಲಿ 1976ರ ಟರ್ನ್‌ಬುಲ್ ತೀರ್ಪಿನ ನಂತರ ನ್ಯಾಯಾಧೀಶರು ಜ್ಯೂರಿಗೆ ದೂರ, ಬೆಳಕು, ಕಂಡ ಅವಧಿ ಇತ್ಯಾದಿಗಳ ಬಗ್ಗೆ ಎಚ್ಚರಿಕೆ ಕೊಡಬೇಕಾಗಿರುವುದನ್ನೂ ಚುಟುಕಾಗಿ ಹೇಳಿ ಮುಂದೆ ಹೋಗುತ್ತಾರೆ. ಅಡಾಲ್ಫ್ ಬೆಕ್‌ನ ಪ್ರಸ್ತಾಪವೂ ಬರುತ್ತದೆ: ಲಂಡನ್ನಿನಲ್ಲಿ 1896ರಲ್ಲಿ ಒಮ್ಮೆ, 1904ರಲ್ಲಿ ಇನ್ನೊಮ್ಮೆ, ಹಲವು ಮಹಿಳೆಯರು 'ಇವನೇ ವಂಚಕ' ಎಂದು ಬೆರಳು ತೋರಿಸಿದ ಮನುಷ್ಯ. ಎರಡು ಸಲವೂ ವಂಚಿಸಿದ್ದು ಬೇರೆಯವನು. ಆ ಪ್ರಕರಣದ ಗದ್ದಲ 1907ರಲ್ಲಿ ಅಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಹುಟ್ಟಲು ಕಾರಣಗಳಲ್ಲೊಂದಾಯಿತು. ಹಲವರು ಒಂದೇ ಮಾತು ಹೇಳಿದರೆ ಅದು ಹಲವು ಸಾಕ್ಷ್ಯವಾಗುತ್ತದೆ ಎಂದು ನಾನೂ ಎಣಿಸಿದವನೇ. ಎಲ್ಲರ ಮುಂದೆಯೂ ಒಂದೇ ತಪ್ಪು ಮನುಷ್ಯನನ್ನು ನಿಲ್ಲಿಸಿದ್ದರೆ?

ಇನ್ನು ಎರಡನೆಯ ಘಟಕಕ್ಕೆ ಹಿಂದಿರುಗಬೇಕು, ಏಕೆಂದರೆ ನನ್ನ ದೊಡ್ಡ ದೂರು ಅಲ್ಲಿದೆ. ಅದು ಪ್ರಶ್ನೆಗಳ ಬಗೆಗಿನ ಘಟಕ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ ಬದಲಾಗುತ್ತಿದ್ದುದು ಒಂದು ಕ್ರಿಯಾಪದ ಮಾತ್ರ. ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಎಂದರು. ತಾಗಿದಾಗ ಎಂದು ಕೇಳಿಸಿಕೊಂಡವರು ಸುಮಾರು 32 ಎಂದರು. ನಡುವಿನ ಮೂರು ಕ್ರಿಯಾಪದಗಳಿಗೆ ನಡುವಿನ ಮೂರು ವೇಗ. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತ್ತೇ ಎಂದು ಕೇಳಿದರು. ಗಾಜು ಒಡೆದೇ ಇರಲಿಲ್ಲ. 'ಅಪ್ಪಳಿಸಿದ' ಗುಂಪಿನ 50 ಜನರಲ್ಲಿ 16 ಮಂದಿಗೆ ಕಂಡಿತ್ತು, 'ಹೊಡೆದ' ಗುಂಪಿನ 50ರಲ್ಲಿ 7 ಮಂದಿಗೆ.

ಈ ಕೋರ್ಸಿಗೆ ಕನ್ನಡ ಅಡಿಬರಹ ಇದೆ ಎಂಬುದೇ ನಾನು ಸೇರಲು ಒಂದು ಕಾರಣ. ಆ ಅಡಿಬರಹ ಬರೆದ ಯಂತ್ರವೋ ಮನುಷ್ಯನೋ, ಐದೂ ಕ್ರಿಯಾಪದಗಳಿಗೆ 'ಡಿಕ್ಕಿ ಹೊಡೆದಾಗ' ಎಂದೇ ಬರೆದುಬಿಟ್ಟಿದೆ. ಪರದೆಯ ಮೇಲೆ ಪ್ರಾಧ್ಯಾಪಕಿ ಒಂದೊಂದು ಪದಕ್ಕೂ ಕೈ ಮಾಡಿ, ನಿಲ್ಲಿಸಿ, ದನಿ ಏರಿಳಿಸಿ ಹೇಳುತ್ತಿದ್ದಾರೆ. ಕೆಳಗೆ: ಡಿಕ್ಕಿ ಹೊಡೆದಾಗ 41, ಡಿಕ್ಕಿ ಹೊಡೆದಾಗ 39, ಡಿಕ್ಕಿ ಹೊಡೆದಾಗ 38, ಡಿಕ್ಕಿ ಹೊಡೆದಾಗ 34, ಡಿಕ್ಕಿ ಹೊಡೆದಾಗ 32. ಕನ್ನಡ ಓದಿಕೊಂಡು ನೋಡುವವರಿಗೆ ಇದು ಹುಚ್ಚರ ಪ್ರಯೋಗದಂತೆ ಕಾಣುತ್ತದೆ. ಪದಕ್ಕೇನು ಬರವೇ ನಮಗೆ? ಅಪ್ಪಳಿಸಿತು, ಗುದ್ದಿತು, ಬಡಿಯಿತು, ತಗುಲಿತು, ತಾಗಿತು, ಉಜ್ಜಿಕೊಂಡು ಹೋಯಿತು. 'ಲಾರಿ ಗುದ್ದಿತು' ಎಂದರೆ ಕಣ್ಣಿಗೆ ಕಟ್ಟುವುದು ಒಂದು, 'ಲಾರಿ ಉಜ್ಜಿಕೊಂಡು ಹೋಯಿತು' ಎಂದರೆ ಇನ್ನೊಂದು. ಅಪಘಾತದ ಪ್ರಕರಣಗಳಲ್ಲಿ ಇಬ್ಬರು ವಕೀಲರು ಈ ಎರಡು ಪದಗಳಿಗಾಗಿ ಅರ್ಧ ಗಂಟೆ ಕಿತ್ತಾಡಿದ್ದನ್ನು ನಾನು ಕೂತು ಕೇಳಿದ್ದೇನೆ. ಆಗ ನಗು ಬರುತ್ತಿತ್ತು. ಕೋರ್ಸಿನವರಿಗೆ ತಪ್ಪನ್ನು ಬರೆದು ತಿಳಿಸಿದೆ. 'ನಿಮ್ಮ ಸಲಹೆಗೆ ಧನ್ಯವಾದ' ಎಂಬ ಸಿದ್ಧ ಉತ್ತರ ಬಂತು. ನಾಲ್ಕು ತಿಂಗಳಾಯಿತು, ಅಡಿಬರಹ ಹಾಗೆಯೇ ಇದೆ.

ಇದೇ ಘಟಕ ನನ್ನ ಕೈಕೆಲಸದ ಇನ್ನೊಂದು ಬದಿಯನ್ನೂ ತೋರಿಸಿತು. ನಾವು ಸಾಕ್ಷ್ಯವನ್ನು ಬಹುಪಾಲು ನಿರೂಪಣೆಯಾಗಿ ಬರೆಯುತ್ತಿದ್ದೆವು. 'ಅವನು ಕೆಂಪು ಅಂಗಿ ತೊಟ್ಟಿದ್ದನಲ್ಲವೇ?' ಎಂದು ಪ್ರಶ್ನೆ, 'ಹೌದು' ಎಂದು ಉತ್ತರ. ಕಡತದಲ್ಲಿ ಬರುತ್ತಿದ್ದುದು: 'ಅವನು ಕೆಂಪು ಅಂಗಿ ತೊಟ್ಟಿದ್ದನು.' 'ಕೆಂಪು' ಎಂಬ ಪದ ಮೊದಲು ಯಾರ ಬಾಯಿಂದ ಬಂತು ಎಂಬುದು ನನ್ನ ಶೀಘ್ರಲಿಪಿಯ ಪುಸ್ತಕದಲ್ಲಿ ಕೂಡ ಇರುತ್ತಿರಲಿಲ್ಲ.

ತಪ್ಪೊಪ್ಪಿಗೆಯ ಘಟಕ ಚೆನ್ನಾಗಿದೆ, ಆದರೆ ಮೊದಲ ಸಲ ಕೇಳುವವರಿಗೆ ಮಾತ್ರ ಬೆಚ್ಚಿ ಬೀಳಿಸುತ್ತದೆ. ಸಾಲ್ ಕ್ಯಾಸಿನ್ ಮತ್ತು ಕ್ಯಾಥರೀನ್ ಕೀಶೆಲ್ 1996ರಲ್ಲಿ ನಡೆಸಿದ ಪ್ರಯೋಗ ಅದರ ತಿರುಳು. ಕೀಲಿಮಣೆಯಲ್ಲಿ ಇಂಥ ಒಂದು ಕೀಲಿ ಮುಟ್ಟಬೇಡಿ, ಮುಟ್ಟಿದರೆ ಕಂಪ್ಯೂಟರ್ ಕೆಡುತ್ತದೆ ಎಂದು ಎಚ್ಚರಿಸಿ, ಯಾರೂ ಮುಟ್ಟದಿದ್ದರೂ ಕಂಪ್ಯೂಟರನ್ನು ಕೆಡಿಸಿ, ನೀವೇ ಮುಟ್ಟಿದಿರಿ ಎಂದು ಆರೋಪಿಸಿದರು. 69% ಮಂದಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು. 28% ಮಂದಿ ತಾವು ನಿಜಕ್ಕೂ ಮುಟ್ಟಿದ್ದೆವೆಂದೇ ನಂಬಿದರು. ಕೀಲಿ ಒತ್ತುವುದಕ್ಕೂ ಕೊಲೆಗೂ ಎಲ್ಲಿಂದೆಲ್ಲಿಗೆ ಎಂದು ಯಾರಾದರೂ ಕೇಳುತ್ತಾರೆ, ನಾನೂ ಕೇಳಿದೆ. ಪ್ರಾಧ್ಯಾಪಕಿ ಉತ್ತರವಾಗಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಅತ್ಯಾಚಾರ ಪ್ರಕರಣ ಎತ್ತಿದರು: 1989ರಲ್ಲಿ ಹದಿಹರೆಯದ ಹುಡುಗರು ಗಂಟೆಗಟ್ಟಲೆ ವಿಚಾರಣೆಯ ನಂತರ ಮಾಡದ ತಪ್ಪನ್ನು ಒಪ್ಪಿಕೊಂಡರು, ಅವರ ಮೇಲಿನ ತೀರ್ಪು ರದ್ದಾದದ್ದು 2002ರಲ್ಲಿ, ನಿಜವಾದವನು ಒಪ್ಪಿಕೊಂಡು ಡಿಎನ್‌ಎ ಹೊಂದಿದ ಮೇಲೆ.

ಅದರ ಬೆನ್ನಿಗೇ ಬರುವ ಸಂದರ್ಶನದ ಘಟಕ ಗಿಡ್ಡದಾದರೂ ಚಿನ್ನ. ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೀಸೆಲ್ಮನ್ 1980ರ ದಶಕದಲ್ಲಿ ರೂಪಿಸಿದ ಸಂದರ್ಶನ ವಿಧಾನ ಹೇಳುವುದಿಷ್ಟು: ಸಾಕ್ಷಿಯನ್ನು ಆ ಜಾಗಕ್ಕೆ, ಆ ಗಳಿಗೆಗೆ ಮನಸ್ಸಿನಲ್ಲಿ ಕರೆದೊಯ್ಯಿರಿ, ಮುಖ್ಯವೋ ಅಮುಖ್ಯವೋ ಎಲ್ಲವನ್ನೂ ಹೇಳಲು ಬಿಡಿ, ನಡುವೆ ಬಾಯಿ ಹಾಕಬೇಡಿ. ಪೊಲೀಸ್ ಸಂದರ್ಶನಗಳ ಧ್ವನಿಮುದ್ರಣಗಳನ್ನು ಅವರು ಕೇಳಿ ನೋಡಿದಾಗ, ಸಾಕ್ಷಿ ಮಾತು ಶುರು ಮಾಡಿ ಸರಾಸರಿ 7.5 ಸೆಕೆಂಡಿಗೆ ಅಧಿಕಾರಿ ತಡೆಯುತ್ತಿದ್ದರಂತೆ. ನ್ಯಾಯಾಲಯದಲ್ಲಿ ಯಾರೂ ಗಡಿಯಾರ ಹಿಡಿದು ಕೂತಿರಲಿಲ್ಲ. ಹಿಡಿದಿದ್ದರೆ ಇನ್ನೂ ಕಡಿಮೆ ಬರುತ್ತಿತ್ತೋ ಏನೋ.

ಇಲ್ಲಿಯವರೆಗೆ ಐದಕ್ಕೆ ಐದು ಕೊಡುವ ಮನಸ್ಸಿತ್ತು. ಕೊನೆಯ ಮೂರು ಘಟಕಗಳು ಅದನ್ನು ಕೆಳಗೆಳೆದವು.

ಜ್ಯೂರಿಯ ಘಟಕ ಅವಸರದ ಅಡುಗೆ. ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ತೋರಿಸಿದ್ದನ್ನು ಮಾತ್ರ ಚೆನ್ನಾಗಿ ಹೇಳಿದ್ದಾರೆ: ಜ್ಯೂರಿಯವರು ಸಾಕ್ಷ್ಯವನ್ನು ತಕ್ಕಡಿಯಲ್ಲಿ ತೂಗುವುದಿಲ್ಲ, ಕಥೆಯಾಗಿ ಹೆಣೆಯುತ್ತಾರೆ, ಯಾರ ಸಾಕ್ಷ್ಯ ಘಟನೆಯ ಕ್ರಮದಲ್ಲಿ ಬರುತ್ತದೋ ಅವರ ಕಡೆಗೆ ವಾಲುತ್ತಾರೆ. 'ಈ ಮಾತನ್ನು ಕಡತದಿಂದ ತೆಗೆಯಿರಿ, ಗಣನೆಗೆ ತೆಗೆದುಕೊಳ್ಳಬೇಡಿ' ಎಂಬ ಸೂಚನೆ ಪೂರ್ತಿ ಕೆಲಸ ಮಾಡುವುದಿಲ್ಲ ಎಂಬುದಕ್ಕೂ ಪ್ರಯೋಗಗಳಿವೆ. ಕಡತದಿಂದ ತೆಗೆಯುವುದು ನನ್ನ ಕೆಲಸವಾಗಿತ್ತು, ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಆದರೆ ಹ್ಯಾರಿ ಕಾಲ್ವೆನ್ ಮತ್ತು ಹ್ಯಾನ್ಸ್ ಜೈಸೆಲ್ 1966ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನಕ್ಕೆ ಇಲ್ಲಿ ಸಿಕ್ಕಿರುವುದು ಒಂದೇ ಸಾಲು. 3,576 ವಿಚಾರಣೆಗಳಲ್ಲಿ ಜ್ಯೂರಿ ಕೊಟ್ಟ ತೀರ್ಪನ್ನು ನ್ಯಾಯಾಧೀಶರು ತಾವಾದರೆ ಏನು ಕೊಡುತ್ತಿದ್ದರು ಎಂಬುದರೊಂದಿಗೆ ಹೋಲಿಸಿದಾಗ, 78% ಪ್ರಕರಣಗಳಲ್ಲಿ ಎರಡೂ ಒಂದೇ. ಭಿನ್ನವಾದ ಕಡೆ ಹೆಚ್ಚಾಗಿ ಜ್ಯೂರಿಯೇ ಮೃದು. ಜ್ಯೂರಿ ಎಂದರೆ ಭಾವುಕ ಗುಂಪು, ನ್ಯಾಯಾಧೀಶರೆಂದರೆ ಕಲ್ಲಿನಂಥ ಬುದ್ಧಿ ಎಂಬ ಎಣಿಕೆಯನ್ನು ಅಲುಗಿಸುವ ಸಂಖ್ಯೆಗಳಿವು. ಇದರ ಮೇಲೆ ಇಡೀ ಒಂದು ಪಾಠ ಕಟ್ಟಬಹುದಿತ್ತು.

ತಜ್ಞರ ಘಟಕ ಪರವಾಗಿಲ್ಲ. ಸ್ಪೇನಿನ 2004ರ ಮ್ಯಾಡ್ರಿಡ್ ಸ್ಫೋಟದ ತನಿಖೆಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಸಂಬಂಧವೇ ಇಲ್ಲದ ಅಮೆರಿಕದ ವಕೀಲರೊಬ್ಬರ ಬೆರಳಚ್ಚು ಹೊಂದುತ್ತದೆ ಎಂದು ಘೋಷಿಸಿ ಎಡವಿತು. ಇಟಿಯಲ್ ಡ್ರೋರ್ 2006ರಲ್ಲಿ ಅದನ್ನೇ ಬಳಸಿಕೊಂಡು ಐವರು ಪರಿಣತರಿಗೆ, ಅವರೇ ಹಿಂದೆ 'ಹೊಂದುತ್ತದೆ' ಎಂದಿದ್ದ ಅಚ್ಚುಗಳನ್ನು ತೋರಿಸಿ, ಇವು ಆ ತಪ್ಪು ಪ್ರಕರಣದವು ಎಂದು ಹೇಳಿಸಿದರು. ಐವರಲ್ಲಿ ನಾಲ್ವರು ತಮ್ಮ ಹಿಂದಿನ ತೀರ್ಮಾನಕ್ಕೆ ಅಂಟಿಕೊಳ್ಳಲಿಲ್ಲ. ಬೆರಳು ಬದಲಾಗಿರಲಿಲ್ಲ, ಕಿವಿಗೆ ಬಿದ್ದ ಮಾತು ಬದಲಾಗಿತ್ತು.

ಕೊನೆಯ ಘಟಕ ಮಾತ್ರ ನನ್ನ ತಾಳ್ಮೆ ಕೆಡಿಸಿತು. ನ್ಯಾಯಾಧೀಶರು ಹಸಿದಾಗ ಕಠಿಣರಾಗುತ್ತಾರೆ ಎಂಬ, ಎಲ್ಲರ ಬಾಯಲ್ಲೂ ಓಡಾಡುವ 2011ರ ಅಧ್ಯಯನ. ಕೈದಿಗಳನ್ನು ಅವಧಿಗೆ ಮುನ್ನ ಬಿಡಬೇಕೇ ಎಂದು ತೀರ್ಮಾನಿಸುವ ಇಸ್ರೇಲಿನ ಪೆರೋಲ್ ಮಂಡಳಿಗಳಲ್ಲಿ ವಿರಾಮದ ನಂತರ ಸುಮಾರು 65% ಅರ್ಜಿಗಳು ಒಪ್ಪಿಗೆಯಾಗುತ್ತಿದ್ದು, ಮುಂದಿನ ವಿರಾಮ ಹತ್ತಿರವಾದಂತೆ ಅದು ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ ಎಂಬ ನಕ್ಷೆಯನ್ನು ದೊಡ್ಡದಾಗಿ ತೋರಿಸಿ, ಊಟದ ತಟ್ಟೆಯ ಚಿತ್ರ ಹಾಕಿ, ನಗಿಸಿದ್ದಾರೆ. ಅದೇ ವರ್ಷ ಅದೇ ನಿಯತಕಾಲಿಕದಲ್ಲಿ ಬಂದ ಆಕ್ಷೇಪದ ಸುಳಿವೂ ಇಲ್ಲ. ಅರ್ಜಿಗಳು ಬರುವ ಸರದಿ ಯಾದೃಚ್ಛಿಕವಾಗಿರಲಿಲ್ಲ, ವಕೀಲರಿಲ್ಲದ ಕೈದಿಗಳ ಸರದಿ ಹೆಚ್ಚಾಗಿ ವಿರಾಮಕ್ಕೆ ಮುಂಚೆ ಬರುತ್ತಿತ್ತು, ವಕೀಲರಿಲ್ಲದವರಿಗೆ ಹೇಗೂ ಒಪ್ಪಿಗೆ ಸಿಗುವುದು ಕಡಿಮೆ ಎಂಬುದು ಆ ಆಕ್ಷೇಪ. ದಿನದ ಪಟ್ಟಿಯನ್ನು ಟೈಪ್ ಮಾಡಿದವರಿಗೆ ಇದು ಸಂಶೋಧನೆಯಿಲ್ಲದೆಯೂ ಹೊಳೆಯುತ್ತದೆ. ಪಟ್ಟಿಗೆ ಅದರದೇ ತರ್ಕ ಇರುತ್ತದೆ: ಯಾವ ವಕೀಲರು ಬೇಗ ಹೋಗಬೇಕು, ಯಾವ ಪ್ರಕರಣ ಐದು ನಿಮಿಷದ್ದು, ಯಾವುದನ್ನು ಕೊನೆಗೆ ತಳ್ಳಬಹುದು. ಸಾಕ್ಷಿಗಳು ಕಥೆಯ ಅಂದಕ್ಕೆ ಮರುಳಾಗುತ್ತಾರೆ ಎಂದು ಏಳು ಘಟಕ ಪಾಠ ಹೇಳಿದವರು ಎಂಟನೆಯದರಲ್ಲಿ ಅಂದವಾದ ಕಥೆಗೆ ಮರುಳಾಗಿದ್ದಾರೆ.

ಉಳಿದ ಪ್ರಾಯೋಗಿಕ ವಿಷಯಗಳು. ವೀಡಿಯೊಗಳ ಧ್ವನಿ ಸ್ಪಷ್ಟವಾಗಿದೆ. ಮೊಬೈಲಿನಲ್ಲಿ ನೋಡಬೇಡಿ, ಆರು ಫೋಟೊಗಳು ಒಟ್ಟಿಗೆ ಕಾಣುವುದಿಲ್ಲ, ಅಭ್ಯಾಸ ಕೆಡುತ್ತದೆ. ಪ್ರಮಾಣಪತ್ರಕ್ಕೆ ಬೇರೆ ಶುಲ್ಕವಿದೆ, ನಾನು ತೆಗೆದುಕೊಳ್ಳಲಿಲ್ಲ. ಚರ್ಚೆಯ ಪುಟದಲ್ಲಿ ಪ್ರಾಧ್ಯಾಪಕಿ ಒಮ್ಮೆಯೂ ಕಾಣಿಸಿಕೊಂಡಿಲ್ಲ, ಸಹಾಯಕರ ಉತ್ತರಗಳು ಒಂದೇ ಅಚ್ಚಿನವು. ಇಂಗ್ಲಿಷ್ ಕೇಳಿ ಅರ್ಥವಾಗುವುದಾದರೆ ಎರಡನೆಯ ಘಟಕದಲ್ಲಿ ಕನ್ನಡ ಅಡಿಬರಹವನ್ನು ಖಂಡಿತ ಹಾಕಿಕೊಂಡು ಕೂರಬೇಡಿ. ಕಾನೂನು ಓದುವವರು, ಪೊಲೀಸ್ ಕೆಲಸದಲ್ಲಿರುವವರು, ನನ್ನಂತೆ ಇತರರ ಮಾತನ್ನು ಬರೆದುಕೊಂಡೇ ಬದುಕಿದವರು ಮೊದಲ ಐದು ಘಟಕಗಳನ್ನು ತಪ್ಪದೆ ನೋಡಿ. ಸುಳ್ಳು ಹಿಡಿಯುವ ಜಾಣತನ ಬೇಕೆಂದು ಬರುವವರಿಗೆ ನಿರಾಸೆಯಾದೀತು. ನನ್ನ 'ದನಿಯಲ್ಲೇ ತಿಳಿಯುತ್ತದೆ' ಎಂಬ ನಂಬಿಕೆಗೆ ಅವರು ಕೊಟ್ಟ ಉತ್ತರ ಒಂದು ಸಂಖ್ಯೆ: ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಸುಳ್ಳು ಯಾವುದು ನಿಜ ಯಾವುದು ಎಂದು ಜನ ಸರಿಯಾಗಿ ಹೇಳುವುದು 54%. ನಾಣ್ಯ ಚಿಮ್ಮಿದರೆ 50.

ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ಅರ್ಧ ಕಡಿತ ಹಸಿದ ನ್ಯಾಯಾಧೀಶರಿಗೆ, ಅರ್ಧ ಡಿಕ್ಕಿಗೆ.

ಮುಗಿದ ಮೇಲೆ ಮೊದಲ ವೀಡಿಯೊವನ್ನು ಮತ್ತೆ ನೋಡಲು ಬಿಡುತ್ತಾರೆ. ನೋಡಿದೆ. ಕಳ್ಳನ ಮುಖ ಕಾಣುವ ಗಳಿಗೆಯಲ್ಲಿ ನಿಲ್ಲಿಸಿ ನೋಡಿದೆ. ದುಂಡು ಮುಖ, ಹುಬ್ಬಿನ ನಡುವೆ ಗಂಟೇನೂ ಇಲ್ಲ. ಹೀಗಿದ್ದೂ ಲ್ಯಾಪ್‌ಟಾಪ್ ಮುಚ್ಚಿ ಆ ಪ್ಲಾಟ್‌ಫಾರ್ಮನ್ನು ನೆನೆಸಿಕೊಂಡರೆ ಚೀಲ ಎತ್ತಿಕೊಂಡು ಹೋಗುವವನು ಮೂರನೆಯವನೇ. ಇದನ್ನು ಅಭಿಪ್ರಾಯದ ನಮೂನೆಯಲ್ಲಿ ಬರೆಯೋಣವೆಂದು ತೆರೆದರೆ ಮೊದಲ ಪ್ರಶ್ನೆ ಹೀಗಿತ್ತು: 'ಈ ಕೋರ್ಸ್ ನಿಮಗೆ ಎಷ್ಟು ಇಷ್ಟವಾಯಿತು: ಇಷ್ಟವಾಯಿತು, ತುಂಬ ಇಷ್ಟವಾಯಿತು, ಅತ್ಯಂತ ಇಷ್ಟವಾಯಿತು?' ನಾನು ಕೆಳಗಿನ ಖಾಲಿ ಜಾಗದಲ್ಲಿ ಪ್ರಶ್ನೆಯನ್ನು ಇದ್ದ ಹಾಗೆಯೇ ನಕಲು ಮಾಡಿ, ಅದರ ಮುಂದೆ ನನ್ನ ಉತ್ತರ ಬರೆದೆ.